ಮೂರನೇ ಅಧ್ಯಾಯದ ಫೈಲು

ತಪ್ಪು ಎಲ್ಲಿದೆಯೆಂದು ತನಗೇ ಗೊತ್ತಾಗಿಬಿಟ್ಟರೆ ಏನು ಗತಿ ಎಂದು ಅವಳು ಒಳಗೊಳಗೇ ಹೆದರುತ್ತಿದ್ದಳು. ಗೊತ್ತಾದರೆ ಹೇಳಬೇಕಾಗುತ್ತದೆ. ಡಿಗ್ರಿ ಮುಗಿಸಿ ಈ ಮುದ್ರಣಾಲಯಕ್ಕೆ ಸೇರಿದಾಗಿನಿಂದ "ಹೂಂ", "ಆಯ್ತು" ಬಿಟ್ಟರೆ ಅವಳು ಹೆಚ್ಚು ಮಾತಾಡಿದ್ದಿಲ್ಲ. ಉಳಿದದ್ದೆಲ್ಲ ಡೈರಿಗೆ ಹೋಗುತ್ತಿತ್ತು.

ಮೇಜಿನ ಮೇಲೆ ಕಣ್ಣಿನ ಡಾಕ್ಟರರ ಪುಸ್ತಕದ ಕರಡು ಬಿದ್ದಿತ್ತು. ಮೂರನೇ ಅಧ್ಯಾಯದಲ್ಲಿ ಔಷಧಿಯ ಪ್ರಮಾಣಗಳಿಗೆಲ್ಲ ಕೆಂಪು ಸುತ್ತು. ಹಿಂದಿನ ಕರಡಿನಲ್ಲೇ ಡಾಕ್ಟರರು ಅವನ್ನು ತಿದ್ದಿ ಕೊಟ್ಟಿದ್ದರು. ಈ ಕರಡಿನಲ್ಲಿ ಒಂದು ತಿದ್ದುಪಡಿಯೂ ಬಂದಿರಲಿಲ್ಲ.

"ಮಗು ಕಣ್ಣಿಗೆ ದೊಡ್ಡೋರ ಡೋಸ್ ಹಾಕಿದ್ರೆ ಏನಾಗುತ್ತೆ ಗೊತ್ತಾ ಅಂತ ಡಾಕ್ಟರು ಕೇಳಿದ್ರು. ನಾನೇನು ಹೇಳ್ಲಿ?" ಎಂದರು ಮಾವ. ಅವರು ಅವಳ ತಾಯಿಯ ತಮ್ಮ, ಮುದ್ರಣಾಲಯದ ಮಾಲೀಕರು. ಅವಳು ಇರುವುದೂ ಅವರ ಮನೆಯಲ್ಲೇ.

"ನಾನು ತಿದ್ದಿದ್ದೀನಿ ಸರ್," ಎಂದರು ಆಫೀಸಿಗೆಲ್ಲ ಹಿರಿಯರಾದ ಟೈಪ್‌ಸೆಟರ್. ಎಲ್ಲರೂ ಅವರನ್ನು ಕರೆಯುವುದು ಅಕ್ಕ ಎಂದೇ.

"ತಿದ್ದಿದ್ರೆ ಎಲ್ಲಿ ಹೋಯ್ತು? ಕಾಲು ಬಂತಾ ಅದಕ್ಕೆ?"

"ಬಂದಿರಬೇಕು. ಈ ಆಫೀಸಲ್ಲಿ ನಾನು ಬಿಟ್ಟ ಕಡೆ ನನ್ನ ಚಪ್ಪಲೀನೇ ಇರಲ್ಲ."

ಮಾವ ನಗಲಿಲ್ಲ. "ನಾಳೆಯಿಂದ ನೀವು ಕೆಳಗೆ ಬೈಂಡಿಂಗಲ್ಲಿ ಕೂತ್ಕೊಳ್ಳಿ. ಇಲ್ಲಿನ ಕೆಲಸಾನ ನಮ್ಮ ಹುಡುಗಿ ನೋಡ್ಕೊಳ್ತಾಳೆ."

ಅಕ್ಕ ಇವಳ ಕಡೆ ತಿರುಗಿದರು. "ನೀನೇ ನೋಡಮ್ಮ. ನನಗಂತೂ ತಲೆ ಕೆಟ್ಟು ಗೊಬ್ಬರವಾಗಿದೆ."

ಅವಳು ಫೋಲ್ಡರ್ ತೆರೆದಳು. ಪುಸ್ತಕದ ಮುಖ್ಯ ಫೈಲು ಒಂದೊಂದೇ ಅಧ್ಯಾಯವನ್ನು ಹೆಸರು ಹಿಡಿದು ಕರೆಯುತ್ತದೆ. ಆ ಹೆಸರಿನದು ಬಂದು ಕೂತರೆ ಸಾಕು, ಯಂತ್ರ ಮುಖ ನೋಡುವುದಿಲ್ಲ. ಅದು ಕರೆಯುತ್ತಿದ್ದ 'ಅಧ್ಯಾಯ3' ಅಲ್ಲೇ ಇತ್ತು. ತೆರೆದರೆ ಹಳೆಯ ಪ್ರಮಾಣಗಳು. ಅದರ ಕೆಳಗೆ ಯಾರೂ ಕರೆಯದ ಇನ್ನೊಂದು ಫೈಲು: 'ಮೂರನೇ ಅಧ್ಯಾಯ. ಡಾಕ್ಟರು ತಿದ್ದಿದ್ದು. ಹೊಸದು.' ಅದರಲ್ಲಿ ಎಲ್ಲ ತಿದ್ದುಪಡಿಗಳೂ ಸರಿಯಾಗಿ ಕೂತಿದ್ದವು.

ಫೈಲಿಗೆ ಹೀಗೆ ಪೂರ್ಣವಿರಾಮ ಹಾಕಿ ಹೆಸರಿಡುವವರು ಒಬ್ಬರೇ. ಮನೆಯ ಡಬ್ಬಿಯ ಮೇಲೆ 'ಸಕ್ಕರೆ. ಸಣ್ಣ ಹರಳು.' ಎಂದು ಚೀಟಿ ಅಂಟಿಸಿದವರೂ ಅವರೇ. ಸಂಜೆ ಬಾಗಿಲು ಹಾಕುವ ಮುನ್ನ ಕುರ್ಚಿ, ಚಪ್ಪಲಿ, ಎಲ್ಲರ ಕಂಪ್ಯೂಟರಿನ ಫೋಲ್ಡರು, ಎಲ್ಲವನ್ನೂ ಓರಣ ಮಾಡದೆ ಮಾವ ಹೊರಡುತ್ತಿರಲಿಲ್ಲ. ಅಕ್ಕ ರಜೆ ಹಾಕಿದ್ದ ದಿನ ಊಟಕ್ಕೆ ಕೂತು ಅವರು ಹೇಳಿದ್ದು ಅವಳಿಗೆ ಈಗ ನೆನಪಾಯಿತು: "ಮೂರನೇ ಫೈಲ್ ಇಲ್ಲ ಅಂತ ಕಂಪ್ಯೂಟರ್ ಹಟ ಹಿಡಿದು ಕೂತಿತ್ತು. ಹಳೇ ಫೋಲ್ಡರಿಂದ ಒಂದು ತಂದು ಹಾಕಿದೆ ನೋಡು, ತೆಪ್ಪಗಾಯ್ತು." ಅವಳೂ ನಕ್ಕಿದ್ದಳು.

ಹಳೆಯದನ್ನು ಆಚೆ ತೆಗೆದು, ತಿದ್ದಿದ್ದಕ್ಕೆ ಮೊದಲಿನ ಹೆಸರು ಕೊಟ್ಟು ಮುಖ್ಯ ಫೈಲನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಮೂರನೇ ಅಧ್ಯಾಯದಲ್ಲಿ ಮಕ್ಕಳ ಪ್ರಮಾಣ ಮಕ್ಕಳಿಗೆ ತಕ್ಕಷ್ಟೇ ಇತ್ತು.

ಮಾವ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಬಂತಲ್ಲ! ಓದಿದ ಹುಡುಗಿ ಅಂದ್ರೆ ಹೀಗಿರಬೇಕು. ಕೂತ ಜಾಗದಲ್ಲೇ ಸರಿ ಮಾಡಿದ್ಲು."

ಇಲ್ಲಿಗೇ ಬಿಡಬಹುದಿತ್ತು. ಡಾಕ್ಟರರಿಗೆ ಸಮಾಧಾನವಾಗುತ್ತದೆ, ಯಾರೂ ಏನೂ ಕೇಳುವುದಿಲ್ಲ, ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲ ಎಂದಿನಂತಿರುತ್ತದೆ. ಅಕ್ಕ ಮಾತ್ರ ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದರು. ಕನ್ನಡಕದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಮಂಡಿ ನೋವಿನ ಮುಲಾಮು. ಒಂದೊಂದನ್ನೂ ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದರು.

"ಅಕ್ಕ ತಿದ್ದಿದ್ರು," ಎಂದಳು ಅವಳು.

"ಏನಂದೆ?" ಎಂದರು ಮಾವ.

ಅಕ್ಕನ ಕೈ ಚೀಲದ ಬಾಯಲ್ಲೇ ನಿಂತಿತು.

"ಎಲ್ಲಾ ಸರಿಯಾಗಿ ತಿದ್ದಿದ್ರು. ಆ ಫೈಲಿನ ಹೆಸರು ಬದಲಾಯಿಸಿದ್ದು ನೀವು, ಮಾವ."