ಬುಡ ಹಿಡಿದ ಕೈ

ರಾಯಚೂರಿನಲ್ಲಿ ಶಶಿಕಲಾಳ ಬ್ಯೂಟಿ ಪಾರ್ಲರಿಗೆ ಹೋದವರಿಗೆಲ್ಲ ಗೊತ್ತು, ಆಕೆ ಕೇಳಿದ್ದನ್ನೆಲ್ಲ ಮಾಡಿಕೊಡುವ ಪೈಕಿಯವಳಲ್ಲ. ಮದುವೆ ಹತ್ತಿರ ಬಂತೆಂದು ಓಡಿಬಂದ ಹುಡುಗಿಯರ ಕೂದಲನ್ನು ಮೊದಲು ಬೆರಳಲ್ಲಿ ಎಳೆದು ನೋಡುವಳು. ತುದಿ ಸೀಳಿದ್ದರೆ, "ಈ ಕೂದ್ಲಕ್ಕ ಬಿಸಿ ಮುಟ್ಟಸಂಗಿಲ್ಲವ್ವ, ಎಣ್ಣಿ ಹಚ್ಕೊಂಡು ಸ್ವಲ್ಪ ದಿನ ಸುಮ್ಮನಿರು" ಎಂದು ವಾಪಸು ಕಳಿಸುವಳು. ಗಿರಾಕಿ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋದರೂ ಆಕೆಗೆ ಚಿಂತೆಯಿಲ್ಲ. ಅಷ್ಟು ಬಿಗಿ ಹೆಂಗಸು ಸ್ವಂತ ಅಣ್ಣನ ಮಗಳಿಗೆ ಮಾತ್ರ ಕೂದಲು ನೆಟ್ಟಗೆ ಮಾಡುವ ಕೆಟ್ಟ ಸ್ಟ್ರೈಟ್ನರ್ ಕೊಟ್ಟಿದ್ದಳು.

ಪೂರಾ ಕೆಟ್ಟದ್ದೇನಲ್ಲ. ಚೆನ್ನಾಗಿಯೇ ಕಾಯುತ್ತಿತ್ತು, ಬಿಸಿ ಕಮ್ಮಿ ಮಾಡುವ ಗುಂಡಿಯೊಂದು ಕೆಲಸ ಮಾಡುತ್ತಿರಲಿಲ್ಲ. ಪಾರ್ಲರಿಗೆ ಹೊಸದು ಬಂದಾಗ ಹಳೆಯದನ್ನು ಎಸೆಯಲು ಶಶಿಕಲಾಳಿಗೆ ಮನಸ್ಸಾಗಲಿಲ್ಲ. ದೇವದುರ್ಗದಲ್ಲಿದ್ದ ದುರ್ಗಾ, ಒಂಬತ್ತನೇ ತರಗತಿಯ ಹುಡುಗಿ, ತನ್ನ ಗುಂಗುರು ಕೂದಲನ್ನು ಬೈದುಕೊಳ್ಳುತ್ತ ದಿನಾ ಫೋನ್ ಮಾಡುತ್ತಿದ್ದಳು. "ಹಬ್ಬಕ್ಕೊಮ್ಮೆ ಮಾಡ್ಕೋ" ಎಂದು ಅತ್ತೆ ಕೊಟ್ಟರೆ, ಸೊಸೆ ದಿನಾ ಮಾಡಿಕೊಂಡಳು. ಒದ್ದೆ ಕೂದಲಿಗೂ ಮಾಡಿದಳು, ಸಂತೆಯಲ್ಲಿ ಸಿಕ್ಕ ಅಂಟಂಟು ಸೀರಮ್ ಬಳಿದುಕೊಂಡೂ ಮಾಡಿದಳು. ಕೂದಲು ಸುಟ್ಟು ತೆಂಗಿನ ನಾರಾಯಿತು. ಅಷ್ಟರಲ್ಲಿ ಟೈಫಾಯಿಡ್ ಬಂದು ಹಾಸಿಗೆ ಹಿಡಿದಳು. ತಾಯಿ ಇಲ್ಲದ ಮನೆ, ತಂದೆ ಹುಲಿಗೇಶ ಬಸ್ ಕಂಡಕ್ಟರ್, ಸಾಕಿದ ಅಜ್ಜಿ, ಶಶಿಕಲಾಳ ತಾಯಿ ಕನಕಮ್ಮನಿಗೆ ಕಣ್ಣು ಮಂಜು. ಹುಡುಗಿಯ ತಲೆ ಬಾಚುವವರು ಯಾರೂ ಇರಲಿಲ್ಲ.

ಒಂದು ದಿನ ಹುಲಿಗೇಶನ ಫೋನು ಬಂತು.

"ಶಶೀ, ದುರ್ಗಾನ ತಲಿಗೆ ಜಡಿ ಬಂದಾವ. ಅವ್ವ ಬಾಚಣಿಕಿ ಮುಟ್ಟಸಾಕ ಬಿಡವಲ್ಲಳು. ಹುಣ್ಣಿವಿಗೆ ಗುಡಿಗೆ ಕರ್ಕೊಂಡು ಹೊಂಟಾಳ."

ಕೂದಲು ತಾನಾಗಿ ಗಂಟುಗಟ್ಟಿ ಹಗ್ಗವಾದರೆ ದೇವಿ ಆ ಹುಡುಗಿಯನ್ನು ಕೇಳಿದ್ದಾಳೆ ಎಂದು ನಂಬುವ ಮನೆತನ ಅವರದು. ಹಾಗೆ ಗುಡಿಗೆ ಹೋಗಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವಳಿಗೆ ಶಾಲೆಯೂ ಇಲ್ಲ, ಮದುವೆಯೂ ಇಲ್ಲ. ಇದು ತಪ್ಪೆಂದು ಕಾಯದೆ ಬಂದು ಎಷ್ಟೋ ವರ್ಷವಾಯಿತು, ಆದರೆ ಕಾಯದೆ ಮನೆಯೊಳಗೆ ಬಂದು ತಲೆ ಬಾಚುವುದಿಲ್ಲವಲ್ಲ. ಕನಕಮ್ಮನ ಸ್ವಂತ ಅಕ್ಕ ಹುಲಿಗೆವ್ವ ಹೀಗೇ ಚಿಕ್ಕಂದಿನಲ್ಲಿ ದೇವಿಯ ಪಾಲಾದವಳು. ಮಾನ್ವಿಯ ಓಣಿಗಳಲ್ಲಿ ದೇವಿಯ ಹೆಸರು ಹೇಳಿ ಜೋಗ ಬೇಡಿ, ಯಾರ್ಯಾರದೋ ಹಂಗಿನಲ್ಲಿ ಬದುಕಿ, ಕಡೆಗೆ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಸತ್ತಳು. ಅವ್ವ ರೊಟ್ಟಿ ಕಟ್ಟಿಕೊಂಡು ಮಾನ್ವಿಗೆ ಹೋಗುತ್ತಿದ್ದುದು, ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡದೆ ಕೂರುತ್ತಿದ್ದುದು ಶಶಿಕಲಾಳಿಗೆ ಚೆನ್ನಾಗಿ ನೆನಪಿತ್ತು.

ಅಂಗಡಿಯ ಷಟರ್ ಎಳೆದು ದೇವದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಊರಮಂದಿಯ ಕೂದಲು ಕಾಯುವವಳು ಮನೆಯ ಮಗುವಿಗೆ ಬೆಂಕಿ ಕೊಟ್ಟು ಬಂದಿದ್ದೆನಲ್ಲ!

ಮನೆಯ ಕಟ್ಟೆಯ ಮೇಲೆ ದುರ್ಗಾ ಕೂತಿದ್ದಳು. ಕತ್ತಿನ ಹಿಂದೆ ಕೂದಲು ಗಟ್ಟಿಯಾಗಿ ಮೆತ್ತಿಕೊಂಡು, ಅದರ ತುಂಬ ದೇವಿಯ ಅರಿಶಿನ ಭಂಡಾರ ಬಳಿದಿತ್ತು. ಓಣಿಯ ಹೆಂಗಸೊಬ್ಬಳು ಅವಳ ಕಾಲು ಮುಟ್ಟಿ ಹೋದಳು.

"ಎಲ್ಲಾರೂ ಕೈ ಮುಗಿತಾರ ಅತ್ತಿ" ಎಂದಳು ಹುಡುಗಿ, ಅರ್ಧ ಹೆಮ್ಮೆಯಲ್ಲಿ. ಮರುಕ್ಷಣ ದನಿ ಇಳಿಯಿತು. "ಇನ್ನ ಸಾಲಿಗೆ ಹೋಗಾಕ ಬರಂಗಿಲ್ಲೇನು?"

ಶಶಿಕಲಾ ಚೀಲದಿಂದ ಕೊಬ್ಬರಿ ಎಣ್ಣೆ, ಅಗಲ ಹಲ್ಲಿನ ಮರದ ಬಾಚಣಿಗೆ ತೆಗೆದಳು. ಕನಕಮ್ಮ ಬಂದು ಅಡ್ಡ ನಿಂತಳು.

"ಮುಟ್ಟಬ್ಯಾಡ. ತಾಯಿ ಬಂದಾಳ."

"ತಾಯಿ ಬಂದಿಲ್ಲ ಯವ್ವಾ. ನಾ ಕೊಟ್ಟ ಮಷೀನ್ ಕೂದ್ಲ ಸುಟ್ಟದ. ತಪ್ಪು ನಂದು."

"ಹಂಗಾರ ನಮ್ಮಕ್ಕಗ ಯಾವ ಮಷೀನ್ ಸುಟ್ಟಿತ್ತು ಬೇ?"

ಮುದುಕಿಯ ಗದ್ದ ನಡುಗುತ್ತಿತ್ತು. ಅದು ಬರೀ ಹಟವಲ್ಲ, ಹೆದರಿಕೆ ಎಂದು ಮಗಳಿಗೆ ಆಗ ತಿಳಿಯಿತು.

"ಕತ್ತರಿ ಮುಟ್ಟಸಂಗಿಲ್ಲ" ಎಂದಳು ಶಶಿಕಲಾ ಮೆಲ್ಲಗೆ. "ಬರೇ ಬಿಡಸ್ತೀನಿ. ದೇವಿದಾದ್ರ ಬಿಚ್ಚಂಗಿಲ್ಲ, ನೀನ ಕರ್ಕೊಂಡು ಹೋಗು, ನಾ ಅಡ್ಡ ಬರಂಗಿಲ್ಲ. ನನ್ನ ತಪ್ಪಾದ್ರ ಬಿಚ್ಚತದ. ಶಾಪ ಏನಿದ್ರೂ ನನಗ ತಟ್ಟಲಿ."

ಕನಕಮ್ಮ ಪಕ್ಕಕ್ಕೆ ಸರಿದಳು. ಬಿಚ್ಚುವುದಿಲ್ಲವೆಂದು ಆಕೆಗೆ ಪೂರಾ ನಂಬಿಕೆಯಿತ್ತು. ಹೊಸ್ತಿಲಲ್ಲಿ ಕೂತು ಕಣ್ಣು ಮುಚ್ಚಿ ದೇವಿಯ ಹೆಸರು ಹೇಳತೊಡಗಿದಳು.

ಮಾತನ್ನೇನೋ ಶಶಿಕಲಾ ಆಡಿಬಿಟ್ಟಿದ್ದಳು. ಬಿಚ್ಚದಿದ್ದರೆ ಹುಡುಗಿಯನ್ನು ತಾನೇ ಕೈಯಾರೆ ಒಪ್ಪಿಸಿದ ಹಾಗೆ. ಗಂಟಿಗೆ ಎಣ್ಣೆ ಕುಡಿಸಿ, ನೆನೆಯಲು ಬಿಟ್ಟು, ತುದಿಯಿಂದ ಶುರುಮಾಡಿದಳು. ಕೆಳಗಿನದು ಎಳೆಎಳೆಯಾಗಿ ಸಡಿಲಾಯಿತು. ಮೇಲೆ ಬಂದಂತೆ ಗಂಟು ಕಲ್ಲಾಯಿತು. ಬುಡ ಒಂದು ಕೈಯಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ನೆತ್ತಿ ಕಿತ್ತುಬರುವಷ್ಟು ನೋವು. ಗಂಟು ಅಗಲಿಸಲು ಇನ್ನೊಂದು ಕೈ, ಬಾಚಣಿಗೆಗೆ ಮತ್ತೊಂದು. ಇದ್ದದ್ದು ಎರಡೇ. ಬುಡ ಬಿಟ್ಟು ಎಳೆದಳು. ದುರ್ಗಾ ಕಿರುಚಿಕೊಂಡಳು.

"ಅಜ್ಜೀ! ಸತ್ತೆ ಅಜ್ಜೀ!"

ಹೊಸ್ತಿಲಲ್ಲಿ ದೇವಿಯ ಹೆಸರು ನಿಂತಿತು. ಇನ್ನೊಮ್ಮೆ ಕಿರುಚುವಷ್ಟರಲ್ಲಿ ಕನಕಮ್ಮ ಎದ್ದು ಬಂದು, ಮೊಮ್ಮಗಳ ಬೆನ್ನ ಹಿಂದೆ ಕೂತು, ಮುಟ್ಟಬಾರದೆಂದು ತಾನೇ ಕಾವಲು ಕೂತಿದ್ದ ಆ ಕೂದಲ ಬುಡವನ್ನು ಗಟ್ಟಿಯಾಗಿ ಹಿಡಿದಳು.

"ಹಿಡದೀನಿ. ಮೆಲ್ಲಕ ಎಳಿ. ಕೂಸಿಗೆ ನೋಯಿಸಬ್ಯಾಡ."

ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ತುಂಡಾದ ಕೂದಲು ನೆಲದ ಮೇಲೆ ಗುಪ್ಪೆಯಾಯಿತು. ಕಡೆಗೆ ದೊಡ್ಡ ಗಂಟು ಬಾಯಿಬಿಟ್ಟಿತು, ಬಾಚಣಿಗೆ ಬುಡದಿಂದ ತುದಿಯವರೆಗೆ ಹಾಯ್ದುಹೋಯಿತು. ಕೂದಲು ಮೋಟಾಗಿತ್ತು, ಸುಟ್ಟು ಕೆಂಚಾಗಿತ್ತು, ಆದರೆ ಬಿಡಿಬಿಡಿಯಾಗಿತ್ತು. ದುರ್ಗಾ ಕೈ ಹಿಂದೆ ಮಾಡಿ ಮುಟ್ಟಿಕೊಂಡು ಅತ್ತಳು. ಶಶಿಕಲಾಳಿಗೂ ಅಳು ತಡೆಯಲಾಗಲಿಲ್ಲ.

ಕನಕಮ್ಮ ಅಳಲಿಲ್ಲ. ಬಿಚ್ಚಿದ ಕೂದಲನ್ನು ಅಂಗೈಯಲ್ಲಿ ಹರವಿಕೊಂಡು ಕಣ್ಣ ಹತ್ತಿರ ತಂದು ನೋಡಿದಳು.

"ಶಶೀ, ನಮ್ಮಕ್ಕಂದೂ ಹಿಂಗ ಬಿಚ್ಚತಿತ್ತೇನು?"

ಶಶಿಕಲಾ ಬಾಚಣಿಗೆ ಕೆಳಗಿಟ್ಟಳು.

"ನಾ ಸಣ್ಣಾಕಿ ಆವಾಗ" ಎಂದಳು ಕನಕಮ್ಮ. "ಅಕಿ ತಲಿಗೆ ನಾನೂ ಭಂಡಾರ ಹಚ್ಚಿದ್ದೆ. ನೋಯ್ತದ ಅಂತ ಅಳತಿದ್ಲು."

ಕನಕಮ್ಮ ಉತ್ತರಕ್ಕೆ ಕಾಯಲಿಲ್ಲ. ಕಿವಿಯ ಹಿಂದೆ ಇನ್ನೂ ಒಂದು ಸಣ್ಣ ಗಂಟು ಉಳಿದಿತ್ತು. ಅದರ ಬುಡ ಹುಡುಕಿ ಹಿಡಿದುಕೊಂಡು, "ಇದನ್ನೂ ಬಿಡಸು" ಅಂದಳು.