ಟೈಪಿಸ್ಟನ ಗಾಯ

ಎಪ್ಪತ್ಮೂರು ತುಂಬಿದ ವರ್ಷ ಡೆಲ್ಮರ್ ಕುಚೆರಾ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕಾಯಿತು. ಅವನ ತಾಯಿ ಸದ್ಯಕ್ಕೆ ಸಾಯುವ ಲಕ್ಷಣವೇ ಇರಲಿಲ್ಲ.

ಇದನ್ನು ಕೇಳಿ ಅವನನ್ನು ಪಾಪಿ ಎಂದುಕೊಳ್ಳುವುದು ಬೇಡ. ತಾಯಿ ಮಿಲ್ಲಿ ಎಂದರೆ ಅವನಿಗೆ ಜೀವ. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಅವನ ಮನೆ ಒಂದು ತುದಿ, ಅವಳದ್ದು ಇನ್ನೊಂದು ತುದಿ. ದಿನಾ ಬೆಳಿಗ್ಗೆ ಹೋಗಿ, ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ತಿಂದು, ಕಾಫಿ ಕುಡಿದು, ನಾಲ್ಕು ಮಾತು ಬೈಸಿಕೊಂಡು ಬರದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ಆದರೆ ಸೈನ್ಯಕ್ಕೆ ಒಂದು ಅರ್ಜಿ ಹಾಕುವುದಿತ್ತು. ಅದನ್ನು ಅವಳು ಕಣ್ಣು ಮುಚ್ಚಿದ ಮೇಲೆಯೇ ಹಾಕುವುದೆಂದು ವಿಯೆಟ್ನಾಮಿನಿಂದ ಬಂದ ವರ್ಷವೇ ತೀರ್ಮಾನಿಸಿದ್ದ. ಆಗ ಅವಳು ಗಟ್ಟಿಮುಟ್ಟಾದ ನಡುವಯಸ್ಸಿನ ಹೆಂಗಸು. ಈಗ ತೊಂಬತ್ತಾರು, ಈಗಲೂ ಗಟ್ಟಿಮುಟ್ಟು. ಅವನಿಗಾದರೋ ಹೃದಯದ ಆಪರೇಷನ್ ಎರಡು ಸಲ ಆಗಿತ್ತು. ಎರಡನೇ ಸಲ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅಮ್ಮ ಪಕ್ಕದಲ್ಲಿ ಕೂತು ಕಣ್ಣಿಗೆ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದಳು. ಈ ಪಂದ್ಯ ತಾನು ಗೆಲ್ಲುವುದಿಲ್ಲ ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು.

ಅರ್ಜಿ ಇದ್ದದ್ದು ನೇರಳೆ ಪದಕಕ್ಕೆ. ಶತ್ರುವಿನ ಕೈಯಲ್ಲಿ ಗಾಯಗೊಂಡ ಸೈನಿಕರಿಗೆ ಕೊಡುವ ಪದಕ ಅದು. ಊರಿನ ಮಾಜಿ ಸೈನಿಕರ ಭವನದಲ್ಲಿ ಈಸ್ಟರಿಗೆ ಮುಂಚಿನ ಶುಕ್ರವಾರಗಳಂದು ಮೀನಿನ ಊಟ ಇರುತ್ತದೆ. ಅಲ್ಲಿ ಮೂಲೆಯಲ್ಲೊಂದು ಮೇಜು. ಯಾವ ಬೋರ್ಡೂ ಇಲ್ಲ, ಯಾವ ನಿಯಮವೂ ಇಲ್ಲ, ಆದರೂ ಗಾಯದ ಪದಕ ಇದ್ದವರಲ್ಲದೆ ಬೇರೆಯವರು ಅಲ್ಲಿ ಕೂರುವುದಿಲ್ಲ. ಸೈನ್ಯದಲ್ಲಿ ಟೈಪಿಸ್ಟ್ ಆಗಿದ್ದ ಡೆಲ್ಮರ್ ವರ್ಷಾನುಗಟ್ಟಲೆ ಅಡಿಗೆಮನೆಯ ಕಿಟಕಿಯ ಪಕ್ಕ ಕೂತು, ಎಣ್ಣೆಯ ಹೊಗೆ ಕುಡಿಯುತ್ತಾ ಆ ಮೇಜನ್ನು ನೋಡಿದ್ದ. ಆ ಮೇಜಿನ ಯಜಮಾನನಂತಿದ್ದ ವರ್ಲಿನ್ ಸ್ಟೆಕ್‌ಗೆ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ, ಬಾಯಿ ಮಾತ್ರ ಚೆನ್ನಾಗಿ ಆಡುತ್ತಿತ್ತು.

"ಏನಪ್ಪಾ ಟೈಪಿಸ್ಟು, ಯುದ್ಧ ನೆನಪಾದ್ರೆ ಈಗ್ಲೂ ಬೆರಳು ನೋಯತ್ತಾ?" ಎಂದು ವರ್ಲಿನ್ ಅಲ್ಲಿಂದಲೇ ಕೂಗುತ್ತಿದ್ದ.

"ನೋಯತ್ತೆ ಮಾರಾಯ. ರಿಬ್ಬನ್ ಬದಲಾಯಿಸೋವಾಗ ಎಷ್ಟು ಜನ ಸತ್ರು ಅಂತ ನಿಂಗೇನು ಗೊತ್ತು," ಎಂದು ಡೆಲ್ಮರ್ ತಿರುಗಿ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ತನ್ನ ಮೇಲೆ ತಾನೇ ಮೊದಲು ನಕ್ಕುಬಿಟ್ಟರೆ ಉಳಿದವರ ನಗು ಅಷ್ಟು ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ಯಾವಾಗಲೂ ಸರಿಬರುತ್ತಿತ್ತು ಅಂತೇನಿಲ್ಲ.

ಏಕೆಂದರೆ ಅವನಿಗೆ ಪೆಟ್ಟು ಬಿದ್ದದ್ದು ನಿಜ. ಆ ದಿನ ಮಧ್ಯಾಹ್ನ ಶಿಬಿರದ ಮೇಲೆ ಶೆಲ್ ಬೀಳತೊಡಗಿದಾಗ ಎಲ್ಲರೂ ಹೊಂಡಕ್ಕೆ ಓಡಿದರು, ಅವನೂ ಓಡಿದ. ಅರ್ಧ ದಾರಿಯಲ್ಲಿ ಟೈಪ್‌ರೈಟರ್ ನೆನಪಾಯಿತು. ಅದು ಅವನ ಸಹಿಯ ಮೇಲೆ ಕೊಟ್ಟ ಸಾಮಾನು, ಕಳೆದರೆ ಅವನೇ ಜವಾಬ್ದಾರ. ಬುದ್ಧಿ ಇದ್ದವರು ಜೀವ ಉಳಿಸಿಕೊಳ್ಳಲು ಓಡುವಾಗ ಈ ಮಹಾನುಭಾವ ಡೇರೆಗೆ ವಾಪಸು ಹೋಗಿ, ಆ ಕಬ್ಬಿಣದ ಮೂಟೆಯನ್ನು ಮಗುವಿನಂತೆ ಅವಚಿಕೊಂಡು ಹೊರಗೆ ಬಂದ. ಶೆಲ್ಲಿನ ಚೂರು ಬಲ ಹೆಗಲ ಹಿಂಭಾಗಕ್ಕೆ ನಾಟಿತು. ಟೈಪ್‌ರೈಟರಿಗೆ ಒಂದು ಗೀರೂ ಆಗಲಿಲ್ಲ.

ಓಟಿಸ್ ಪ್ರೂಯಿಟ್ ಎಂಬ ಸೈನ್ಯದ ಕಾಂಪೌಂಡರ್ ಚೂರನ್ನು ಕಿತ್ತು ಹೊಲಿಗೆ ಹಾಕಿದ. ಹಾಕಿ, "ವರದಿ ನೀನೇ ಟೈಪ್ ಮಾಡ್ಕೋ, ಹೇಗೂ ನಿಂದೇ ಕೆಲ್ಸ," ಎಂದ. ಗಾಯಗೊಂಡವರ ಪಟ್ಟಿ ಟೈಪ್ ಮಾಡುವುದು ನಿಜಕ್ಕೂ ಡೆಲ್ಮರನದೇ ಕೆಲಸ. ಪಟ್ಟಿಯಲ್ಲಿ ಹೆಸರು ಏರಿತೆಂದರೆ ಊರಿನಲ್ಲಿ ತಾಯಿಯ ಬಾಗಿಲಿಗೆ ತಂತಿ ಹೋಗುತ್ತದೆ. ಮನೆಗೆ ತಿಳಿಸಬೇಡಿ ಎಂದು ಕೇಳಿಕೊಳ್ಳಲು ಅವಕಾಶ ಇತ್ತು. ಕೇಳಿಕೊಂಡ ಮೇಲೂ ತಂತಿ ಹೋದದ್ದನ್ನು ಅವನು ಕಂಡಿದ್ದ. ಮಿಲ್ಲಿಯ ಬಾಗಿಲಿಗೆ ಅಂಥದ್ದೊಂದು ಎರಡು ವರ್ಷದ ಹಿಂದೆ ಬಂದಾಗಿತ್ತು, ಅಣ್ಣ ಎಡ್ವಿನ್ ಅದೇ ಯುದ್ಧದಲ್ಲಿ ಸತ್ತಾಗ. ಅದಾದ ಮೇಲೂ ಡೆಲ್ಮರ್ ತಾನಾಗಿ ಸೈನ್ಯಕ್ಕೆ ಸೇರಿದಾಗ, "ನಂದು ಬರೀ ಟೈಪಿಂಗ್ ಕೆಲ್ಸ ಅಮ್ಮ, ಕುರ್ಚಿಯಿಂದ ಬಿದ್ರೆ ಮಾತ್ರ ಪೆಟ್ಟಾಗತ್ತೆ," ಎಂದು ಮಾತು ಕೊಟ್ಟು ಬಂದಿದ್ದ. ಅವನು ಎಡಗೈಯೊಂದರಲ್ಲೇ ಆ ದಿನದ ಪಟ್ಟಿ ಟೈಪ್ ಮಾಡಿದ. ತನ್ನ ಹೆಸರು ಬಿಟ್ಟು.

ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದು ದೊಡ್ಡ ತ್ಯಾಗ ಅನ್ನಿಸಿತ್ತು. ವಯಸ್ಸಾಗುತ್ತಾ ಪೆದ್ದುತನ ಅನ್ನಿಸತೊಡಗಿತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ನಿನಗೂ ಪೆಟ್ಟಾಗಿತ್ತು ಕಣಪ್ಪಾ ಎಂದು ಹೇಳಲಿ ಎಂಬ ಆಸೆ ಅವನಿಗೆ. ಪದಕ, ಮೇಜು ಎಲ್ಲ ಅದಕ್ಕೆ ನೆಪ. ಆಸೆಯೇನೋ ಚಿಕ್ಕದು, ಆದರೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡು ಬೆಳೆಸಿದ್ದ.

ಸರಿ, ಎರಡನೇ ಆಪರೇಷನ್ನಿನ ಗಾಯ ಮಾಗುತ್ತಲೇ ತಾಯಿಗೆ ತಿಳಿಯದಂತೆ ಜಿಲ್ಲೆಯ ಕಚೇರಿಯಿಂದ ಅರ್ಜಿ ಹಾಕಿದ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಅದೇ ಕಚೇರಿಗೆ ಉತ್ತರ ಬಂತು. ಓಟಿಸ್‌ನ ಸಾಕ್ಷಿ ಕೇಳೋಣವೆಂದರೆ ಅವನು ಮೂರು ವರ್ಷದ ಹಿಂದೆಯೇ ಹೋಗಿಬಿಟ್ಟಿದ್ದ. ಯಾರು ಹೋಗಲೆಂದು ಡೆಲ್ಮರ್ ಕಾದು ಕೂತಿದ್ದನೋ ಅವರು ಹೋಗಲಿಲ್ಲ, ಯಾರು ಬೇಕಿತ್ತೋ ಅವರು ಹೊರಟುಹೋದರು. ಆಮೇಲೆ ಮೇಲ್ಮನವಿಯನ್ನು ಅವನೇ ಮನೆಯಲ್ಲಿ ಕೂತು ಟೈಪ್ ಮಾಡಿದ. ಪಟ್ಟಿ ಮಾಡಿದವನು ನಾನೇ, ನನ್ನ ಹೆಸರು ಬಿಟ್ಟವನೂ ನಾನೇ, ತಾಯಿ ಹೆದರಬಾರದೆಂದು ಬಿಟ್ಟೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದ. ಒಂದಕ್ಷರ ತಪ್ಪಿಲ್ಲದೆ ಬಂದದ್ದು ನೋಡಿ ಬೀಗಿದ, ಅಂಚೆಗೆ ಹಾಕಿದ, ಉತ್ತರಕ್ಕೆ ಕಾದ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮಿಲ್ಲಿ ಫೋನ್ ಮಾಡಿದಳು. ಅವನು "ಹಲೋ" ಅಂದ.

"ಇದೀಯಾ?" ಅಂದಳು.

"ಎಲ್ಲಿಗೆ ಹೋಗ್ಲಿ? ಬೆಳಿಗ್ಗೆ ತಾನೆ ಬಂದಿದ್ನಲ್ಲ."

"ಬಾ," ಎಂದು ಫೋನ್ ಇಟ್ಟಳು.

ಹೋಗಿ ನೋಡಿದರೆ ಅಡಿಗೆಮನೆಯ ಮೇಜಿನ ಮುಂದೆ ಅವಳು ಚರ್ಚಿಗೆ ಹೋಗುವಾಗಿನ ನೀಲಿ ಕೋಟು ತೊಟ್ಟು, ಕೂದಲು ಬಾಚಿ, ಕೈಕಟ್ಟಿ ಕೂತಿದ್ದಳು. ಮೇಜಿನ ಮೇಲೆ ಸೈನ್ಯದ ಮುದ್ರೆ ಇದ್ದ ಲಕೋಟೆ. ಒಡೆದಿರಲಿಲ್ಲ.

ಡೆಲ್ಮರನಿಗೆ ಎಲ್ಲಿ ಎಡವಿದೆನೆಂದು ತಕ್ಷಣ ಹೊಳೆಯಿತು. ಸೈನ್ಯದ ಕಾಗದದಲ್ಲಿ ಮನೆಯ ವಿಳಾಸ ಎಂದರೆ ಸಿಪಾಯಿ ಯಾವ ಮನೆಯಿಂದ ಸೈನ್ಯಕ್ಕೆ ಸೇರಿದನೋ ಆ ಮನೆ. ಅವನು ಎಲ್ಲಿಗೇ ಹೋಗಲಿ, ಎಷ್ಟೇ ಮನೆ ಬದಲಿಸಲಿ, ಅದು ಬದಲಾಗದು. ಸಾವಿರಾರು ಹುಡುಗರ ವಿಳಾಸ ಹಾಗೇ ಟೈಪ್ ಮಾಡಿದ ಬೆರಳುಗಳು ಮೇಲ್ಮನವಿಯಲ್ಲಿ ಅವನದನ್ನೂ ಹಾಗೇ ಮಾಡಿದ್ದವು. ಯಾವ ಬಾಗಿಲಿಗೆ ಸೈನ್ಯದ ಕಾಗದ ಹೋಗಬಾರದೆಂದು ಜೀವಮಾನವಿಡೀ ಬಾಯಿ ಮುಚ್ಚಿಕೊಂಡಿದ್ದನೋ ಆ ಬಾಗಿಲಿಗೆ ತಾನೇ ಸ್ಟ್ಯಾಂಪ್ ಹಚ್ಚಿ ಕರೆಸಿಕೊಂಡಿದ್ದ. ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳೋಣ ಅನ್ನಿಸಿತು.

"ಯಾಕಮ್ಮ ಕೋಟು?" ಎಂದ.

"ಎಡ್ವಿನ್ದು ತಂತಿ ಬಂದಾಗ ನಾನು ಹಿಟ್ಟು ಮೆತ್ಕೊಂಡಿರೋ ಹಳೇ ಲಂಗದಲ್ಲಿದ್ದೆ. ಪಾದ್ರಿಗಳು ಬಂದ್ರು, ಊರಿಗೆ ಊರೇ ಬಂತು. ಬಟ್ಟೆ ಬದಲಾಯಿಸೋಕೂ ಆಗ್ಲಿಲ್ಲ. ಈ ಸಲ ಹಾಗಾಗೋದು ಬೇಡ ಅಂತ ಹಾಕ್ಕೊಂಡೆ."

"ಅಮ್ಮ, ನಾನು ಇಲ್ಲೇ ಇದೀನಲ್ಲ."

"ಅದಕ್ಕೇ ಫೋನ್ ಮಾಡಿ ನೋಡಿದ್ದು. ಇನ್ನೇನು ಬೇಕಾದ್ರೂ ಇರ್ಲಿ ಅದ್ರಲ್ಲಿ. ನೀನೇ ಒಡಿ. ನಾನು ಒಂದು ಒಡೆದಿದೀನಿ, ಸಾಕು."

ಪಿಂಚಣಿಯ ಕಾಗದ ಎಂದು ಸುಳ್ಳು ಹೇಳಲು ಬಾಯಿ ತೆರೆದ. ಆ ನೀಲಿ ಕೋಟು ನೋಡಿ ಮಾತು ಹೊರಡಲಿಲ್ಲ. ಒಡೆದ. "ಜೋರಾಗಿ ಓದು," ಎಂದಳು ಮಿಲ್ಲಿ. ಓದಿದ.

ಮೇಲ್ಮನವಿ ತಿರಸ್ಕೃತ. ಆ ತುಕಡಿಯ ದಾಖಲೆಗಳನ್ನು ಅಂದಿನ ಗುಮಾಸ್ತ ಅಸಾಧಾರಣ ನಿಖರತೆಯಿಂದ ಇಟ್ಟಿರುವುದು ಕಂಡುಬಂದಿದೆ. ಆದ್ದರಿಂದ ಗಾಯಾಳುವಿನ ಹೆಸರು ಬಿಟ್ಟುಹೋಗಿದೆ ಎಂಬುದನ್ನು ನಂಬಲಾಗದು. ಗಾಯವನ್ನು ಕಣ್ಣಾರೆ ಕಂಡ ಸಾಕ್ಷಿಯನ್ನು ಅರ್ಜಿದಾರರು ಒದಗಿಸಿಲ್ಲ.

ಓದಿ ಮುಗಿಸುವಾಗ ಡೆಲ್ಮರನಿಗೆ ನಗು ತಡೆಯಲಾಗಲಿಲ್ಲ, ಅಳುವೂ ಜೊತೆಗೇ ಬಂತು. ತನ್ನನ್ನು ಸೋಲಿಸಲು ಸರ್ಕಾರಕ್ಕೆ ಬೇರೆ ಯಾರೂ ಬೇಕಾಗಿರಲಿಲ್ಲ, ತಾನೊಬ್ಬ ಸಾಕಾಗಿತ್ತು.

ಮಿಲ್ಲಿ ಕಾಗದದ ಕಡೆ ಕೈ ತೋರಿದಳು. "ಅಸಾಧಾರಣ ಅಂತ ಬರೆದಿದಾರಾ? ಸನ್ಯಾಸಿನಿಯರ ಸ್ಕೂಲಲ್ಲಿ ಏಟು ತಿಂದು ಟೈಪಿಂಗ್ ಕಲ್ತಿದ್ದು ದಂಡ ಆಗ್ಲಿಲ್ಲ ಬಿಡು."

"ಅಮ್ಮ, ನಾನು ನಿಂಗೆ ಹೇಳ್ಲಿಲ್ಲ. ಅಲ್ಲಿ ನಂಗೆ..."

"ಬಲ ಹೆಗಲು," ಎಂದಳು ಮಿಲ್ಲಿ.

ಅವನು ಕಾಗದ ಕೆಳಗಿಟ್ಟ.

"ನೀನು ವಾಪಸ್ ಬಂದ ಬೇಸಿಗೇಲಿ ಎಡಗೈಯಲ್ಲಿ ತಲೆ ಬಾಚ್ಕೊಳ್ತಿದ್ದೆ. ಎಲ್ಲರೂ ಕೆರೇಲಿ ಈಜ್ತಿದ್ರೆ ನೀನೊಬ್ಬ ಶರ್ಟ್ ಹಾಕ್ಕೊಂಡು ದಡದಲ್ಲಿ ಕೂತಿರ್ತಿದ್ದೆ. ನಾನೇನು ಕುರುಡೀನಾ?"

"ಮತ್ತೆ ಒಂದಿನಾನೂ ಕೇಳ್ಲಿಲ್ವಲ್ಲ."

"ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ. ನಂಗೆ ಗೊತ್ತು ಅಂದ್ರೆ ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ. ಬಿಚ್ಚು ಶರ್ಟು."

ಎಪ್ಪತ್ಮೂರರ ಮುದುಕ ಅಡಿಗೆಮನೆಯಲ್ಲಿ, ಹೊಟ್ಟೆ ಒಳಕ್ಕೆಳೆದುಕೊಂಡು, ಶರ್ಟು ಬಿಚ್ಚಿ ಬೆನ್ನು ತಿರುಗಿಸಿ ನಿಂತ. ಪಕ್ಕದ ಕೋಣೆಯ ಗೋಡೆಯಿಂದ, ಗಾಜಿನ ಚೌಕಟ್ಟಿನೊಳಗಿನ ತನ್ನ ಪದಕದ ಜೊತೆ, ಎಡ್ವಿನ್‌ನ ಫೋಟೋ ಎಲ್ಲವನ್ನೂ ನೋಡುತ್ತಿತ್ತು. ಮಿಲ್ಲಿ ಎದ್ದು ಹತ್ತಿರ ಬಂದಳು.

"ಇಷ್ಟೇನಾ?" ಎಂದಳು. "ಇಷ್ಟಕ್ಕೆ ಸರ್ಕಾರಕ್ಕೆ ಅಷ್ಟು ತೊಂದ್ರೆ ಕೊಟ್ಯಾ?"

"ಮೊದ್ಲು ದೊಡ್ಡದಿತ್ತು ಅಮ್ಮ. ಈಗ ನಾನು ದಪ್ಪ ಆಗಿದೀನಿ, ಅದು ಚಿಕ್ಕದಾಗಿ ಕಾಣತ್ತೆ."

ಅವಳು ನಗಲಿಲ್ಲ. ಗಾಯದ ಗುರುತಿನ ಮೇಲೆ ಬೆರಳಿಟ್ಟಳು. ಬೆರಳು ತಣ್ಣಗಿತ್ತು. ತೆಗೆಯಲೇ ಇಲ್ಲ. "ನೋವಾಗಿತ್ತಾ?" ಎಂದು ಕೇಳಿದಳು.

ಇದಕ್ಕೆ ಹೇಳಲು ಅವನ ಹತ್ತಿರ ಕುರ್ಚಿಯ ಜೋಕಿತ್ತು, ರಿಬ್ಬನ್ನಿನ ಜೋಕಿತ್ತು, ಗೀರು ಬೀಳದ ಟೈಪ್‌ರೈಟರಿನ ಜೋಕಿತ್ತು. ಒಂದೂ ಬಾಯಿಗೆ ಬರಲಿಲ್ಲ.

"ಆಗಿತ್ತಮ್ಮ," ಎಂದ. "ತುಂಬಾ ನೋವಾಗಿತ್ತು."

"ಹೂಂ," ಎಂದಳು ಮಿಲ್ಲಿ. ಅವನ ಬೆನ್ನು ತಟ್ಟಿದಳು. "ಶರ್ಟ್ ಹಾಕ್ಕೋ, ಶೀತ ಆಗತ್ತೆ. ಇವತ್ತು ಮೀನಿನ ಊಟ ಅಲ್ವಾ? ಹೇಗೂ ಕೋಟು ಹಾಕ್ಕೊಂಡಾಗಿದೆ, ದಂಡ ಯಾಕೆ ಮಾಡೋದು. ನಡಿ."

ಭವನದಲ್ಲಿ ಜನ ತುಂಬಿತ್ತು. ಮಗನನ್ನು ಯುದ್ಧಕ್ಕೆ ಕೊಟ್ಟ ತಾಯಿ ಅಲ್ಲಿ ಎಲ್ಲಿ ಬೇಕಾದರೂ ಕೂರಬಹುದು, ಯಾರೂ ಎದುರಾಡುವುದಿಲ್ಲ. ಇಷ್ಟು ವರ್ಷ ಆ ಹಕ್ಕನ್ನು ಬಳಸದ ಮಿಲ್ಲಿ ಅಡಿಗೆಮನೆಯ ಕಿಟಕಿಯ ಕಡೆ ತಿರುಗಿಯೂ ನೋಡದೆ, ಕೋಲು ಊರುತ್ತಾ ನೇರ ಮೂಲೆಯ ಮೇಜಿಗೆ ನಡೆದಳು. ವರ್ಲಿನ್ ಮಡಿಸಲಾಗದ ಕಾಲನ್ನು ಎಳೆದುಕೊಂಡು ಎದ್ದು ನಿಂತ.

"ಬನ್ನಿ ಅಮ್ಮ, ಬನ್ನಿ. ಎಷ್ಟು ದಿನ ಆಯ್ತು ನೀವು ಬಂದು."

ಮಿಲ್ಲಿ ಕೂತಳು. ಪಕ್ಕದ ಕುರ್ಚಿ ಎಳೆದು ಮಗನಿಗೆ, "ಕೂತ್ಕೋ," ಎಂದಳು.

ಡೆಲ್ಮರ್ ಕೂರಲಿಲ್ಲ. ಕಿವಿಯವರೆಗೂ ಮುಖ ಕೆಂಪಾಗಿತ್ತು. "ಅಮ್ಮ, ನಾನು ಆ ಕಡೆ..." ಎಂದು ತೊದಲಿದ. ವರ್ಲಿನ್ ಅವನನ್ನೂ ಕುರ್ಚಿಯನ್ನೂ ನೋಡಿದ. "ಅಮ್ಮ, ತಪ್ಪು ತಿಳ್ಕೋಬೇಡಿ, ಈ ಮೇಜು..."

"ಯಾರ ಮೇಜು ಅಂತ ನಂಗೆ ಗೊತ್ತು ವರ್ಲಿನ್. ಇವನಿಗೂ ಅಲ್ಲಿ ಪೆಟ್ಟಾಗಿದೆ. ಕಣ್ಣಾರೆ ನೋಡಿದೀನಿ ನಾನು."

ಎಲ್ಲಿ, ಯಾವಾಗ, ಪದಕ ಎಲ್ಲಿದೆ ಎಂದು ಕೇಳುವವರು ಕೇಳಬಹುದಿತ್ತು. ವರ್ಲಿನ್ ಒಂದು ಸಲ ಬಾಯಿ ತೆರೆದ. ಮಿಲ್ಲಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿ ಕೂತ, ತಟ್ಟೆ ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

"ಟೈಪಿಸ್ಟು," ಎಂದ ಅವನು, "ನಿಂತು ಯಾಕೆ ಗಾಳಿ ತಡೀತಿದೀಯ, ಕೂತು ಆ ಉಪ್ಪು ಕೊಡು."

ಡೆಲ್ಮರ್ ಕೂತ. ಉಪ್ಪು ಕೊಟ್ಟ. ಜೀವಮಾನವೆಲ್ಲ ಹಂಬಲಿಸಿದ ಆ ಮೇಜು ಬಾಗಿಲ ಪಕ್ಕದಲ್ಲಿರುವುದರ ಕಷ್ಟ ಅಲ್ಲಿ ಕೂತ ಮೇಲೆ ತಿಳಿಯಿತು. ಯಾರಾದರೂ ಒಳಗೆ ಬಂದಾಗಲೆಲ್ಲ ಮಾರ್ಚಿನ ಚಳಿಗಾಳಿ ನೇರ ಅವನ ಬಲ ಹೆಗಲಿಗೇ ಹೊಡೆಯುತ್ತಿತ್ತು, ಮೀನು ಬೇರೆ ಎಲ್ಲ ಮೇಜುಗಳನ್ನು ಸುತ್ತಿ ಆರಿದ ಮೇಲೆ ಅಲ್ಲಿಗೆ ಬರುತ್ತಿತ್ತು. ಅವನು ಒಂದು ಮಾತೂ ಆಡದೆ ತಣ್ಣಗಿನ ಮೀನನ್ನು ತಟ್ಟೆ ಖಾಲಿಯಾಗುವವರೆಗೂ ತಿಂದ.