ಟೀಚರ್ ಹೇಳಿದ್ದು, ಅಮ್ಮ ಹೇಳಿದ್ದು

ಪ್ರಾರ್ಥನೆಯ ಪೀರಿಯಡ್ಡು ನನ್ನ ಕೊರಳಿಗೆ ಬಿದ್ದದ್ದು ಭಕ್ತಿ ನೋಡಿ ಅಲ್ಲ, ಗಂಟಲು ನೋಡಿ. "ನಿಮ್ಮ ದನಿಗೆ ಮೂರನೇ ಕ್ಲಾಸು ತೆಪ್ಪಗಿರುತ್ತೆ, ನೀವೇ ತಗೊಳ್ಳಿ" ಎಂದರು ಹೆಡ್ ಮೇಡಂ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಸಂಬಳದಲ್ಲಿ ಇದೆ, ಒಪ್ಪಿಕೊಂಡೆ. ನಾನು ಒಂದೊಂದೇ ಸಾಲು ಹೇಳಿಕೊಡುತ್ತೇನೆ, ಮಕ್ಕಳು ಕಣ್ಣು ಮುಚ್ಚಿ ನನ್ನ ಹಿಂದೆಯೇ ಹೇಳುತ್ತಾರೆ. ನಾನು ಮುಚ್ಚುವುದಿಲ್ಲ. ಯಾರು ಯಾರ ಜಡೆ ಎಳೆಯುತ್ತಾರೆಂದು ಯಾರಾದರೂ ನೋಡಬೇಕಲ್ಲ.

ತೊಡಕೆಂದರೆ ನನ್ನ ಮಗಳೂ ಅದೇ ತರಗತಿ. ಗೇಟಿನೊಳಗೆ ಟೀಚರ್, ಗೇಟು ದಾಟಿದ ಮೇಲೆ ಅಮ್ಮ. ಈ ಒಪ್ಪಂದವನ್ನು ಅವಳು ಚಾಚೂ ತಪ್ಪದೆ ಪಾಲಿಸುತ್ತಾಳೆ.

ಬುಧವಾರ ಕೈ ಎತ್ತಿದಳು. "ಟೀಚರ್, ಮನಸ್ಸಿಟ್ಟು ಕೇಳಿದ್ರೆ ದೇವರು ಕೊಡ್ತಾನಾ?"

ಪುಸ್ತಕದಲ್ಲಿ ಹಾಗೇ ಬರೆದಿತ್ತು. "ಕೊಡ್ತಾನೆ, ಕೂತ್ಕೋ" ಎಂದೆ.

ಸಂಜೆ ಮನೆಯಲ್ಲಿ ಬೂಟು ಬಿಚ್ಚುತ್ತಲೇ ಮತ್ತೆ ಶುರು. "ಅಮ್ಮಾ, ಕೇಳಿದ್ರೆ ಅಜ್ಜಿ ಉಳೀತಾರಾ?"

ಅಜ್ಜಿಯೆಂದರೆ ನನ್ನ ಅಮ್ಮ. ಮರುದಿನ ಹತ್ತು ಗಂಟೆಗೆ ಅವಳ ಹೃದಯದ ಆಪರೇಷನ್ನು. ನಾನು ಆಗಲೇ ಒರೆಸಿದ ಒಲೆಯನ್ನು ಮೂರನೇ ಸಲ ಒರೆಸುತ್ತಿದ್ದೆ. ಮಗಳಿಗೆ ಮನೆಯಲ್ಲಿ ಸುಳ್ಳು ಹೇಳಬಾರದೆಂದು ನಾನೂ ಅವಳಪ್ಪನೂ ಎಂದೋ ತೀರ್ಮಾನಿಸಿದ್ದೆವು.

"ಗೊತ್ತಿಲ್ಲ ಕಣೇ."

"ಟೀಚರ್ ಕೊಡ್ತಾನೆ ಅಂದ್ರು!"

"ಟೀಚರ್ ಪುಸ್ತಕದಲ್ಲಿ ಇದ್ದದ್ದು ಹೇಳಿದ್ರು."

ಅವಳು ಬೂಟನ್ನು ಮೂಲೆಗೆ ಒದ್ದಳು. "ನಿನ್ನ ಹತ್ರ ಕೇಳಿದ್ದೇ ತಪ್ಪು. ನಾಳೆ ಟೀಚರನ್ನೇ ಕೇಳ್ತೀನಿ."

ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟಾಗಲಿ? ಇಬ್ಬರೂ ನಾನೇ.

ಮರುದಿನಕ್ಕೆ ಹೆಡ್ ಮೇಡಂ ಕೊಟ್ಟ ರಜೆ ಮಧ್ಯಾಹ್ನದ ಮೇಲಿಂದ ಮಾತ್ರ. ಆಸ್ಪತ್ರೆಯಲ್ಲಿ ನನ್ನ ತಮ್ಮನಿದ್ದ. ನಾನು ತರಗತಿಯಲ್ಲಿ ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಪ್ರಾರ್ಥನೆಯ ಪೀರಿಯಡ್ಡೂ ಹತ್ತಕ್ಕೇ. ಮಗಳು ಎದ್ದು ನಿಂತಳು.

"ಟೀಚರ್, ನಮ್ಮಮ್ಮ ಗೊತ್ತಿಲ್ಲ ಅಂದ್ಲು. ನೀವು ಹೇಳಿ."

ನಲವತ್ತು ಮಕ್ಕಳು ನನ್ನ ಬಾಯನ್ನೇ ನೋಡಿದರು. ಕೊಡ್ತಾನೆ ಅಂದುಬಿಡುವುದು ಸುಲಭವಿತ್ತು. ಆಸ್ಪತ್ರೆಯಿಂದ ಬೇರೆ ಸುದ್ದಿ ಬಂದರೆ? ತಾನು ಸರಿಯಾಗಿ ಮನಸ್ಸಿಟ್ಟು ಕೇಳಲಿಲ್ಲವೆಂದು ಈ ಹುಡುಗಿ ಬದುಕಿಡೀ ತನ್ನನ್ನೇ ಬೈದುಕೊಳ್ಳುತ್ತಾಳೆ. ಹೆದರಿಕೆಯಾಯಿತು.

"ನಿಮ್ಮಮ್ಮ ಹೇಳಿದ್ದೇ ನಿಜ" ಎಂದೆ. "ನನಗೂ ಗೊತ್ತಿಲ್ಲ."

ಅವಳು ಕೂರಲಿಲ್ಲ. "ಅದಕ್ಕೇ ನೀವು ಕಣ್ಣು ಮುಚ್ಚಲ್ಲ. ನಾನು ದಿನಾ ಕದ್ದು ನೋಡ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗದರುವುದು ಬಿಟ್ಟು ಮಗಳ ಕಡೆ ತಿರುಗಿದೆ.

"ಇವತ್ತು ಮುಚ್ತೀನಿ. ಕ್ಲಾಸು ನೀನು ನೋಡ್ಕೋ."

ಮುಚ್ಚಿದೆ. ಪುಸ್ತಕದ ಸಾಲುಗಳೆಲ್ಲ ಬಾಯಿಪಾಠ, ಒಂದೂ ನೆನಪಾಗಲಿಲ್ಲ. ನಾಲಿಗೆಗೆ ಬಂದದ್ದು ಒಂದೇ ಮಾತು.

"ಅಮ್ಮಾ..."

ನಾನು ಹೇಳಿದ್ದನ್ನು ಹೇಳಿ ರೂಢಿಯಾದ ಮಕ್ಕಳು ಒಟ್ಟಿಗೆ "ಅಮ್ಮಾ" ಎಂದರು. ಅದರಲ್ಲಿ ನನ್ನ ಮಗಳ ದನಿಯೂ ಇತ್ತು. ಗೇಟಿನೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು.